ಬೊಮ್ಮಲಿಂಗನ ಕಿಟಕಿ

ನಮ್ಮ ಊರಿಗೆ ದಾರಿ ಕೇಳಿಕೊಂಡು ಬರಲಿಕ್ಕಾಗುವುದಿಲ್ಲ. ಪರದೆಮನೆಯ ಕಂಪ್ಯೂಟರಿನಲ್ಲಿ ಯಾರ ಕಿಟಕಿ ತೆರೆದಿದೆಯೋ ಅವರ ಕಾಲಿಗೆ ದಾರಿ ತಾನಾಗಿ ಸಿಗುತ್ತದೆ. ಮಿಕ್ಕವರು ಸುಣ್ಣಕಲ್ಲಿನ ಗುಡ್ಡಗಳನ್ನು ಸುತ್ತಿ ಸುತ್ತಿ, ಇಲ್ಲಿ ಹೊಗೆ ಬಿಟ್ಟರೆ ಮತ್ತೇನಿಲ್ಲ ಅಂದುಕೊಂಡು, ಬಂದ ಬಸ್ಸನ್ನೇ ಹತ್ತಿ ವಾಪಸ್ಸು ಹೋಗುತ್ತಾರೆ. ಅದಕ್ಕೇ ಕೂಸಿಗೆ ಹೆಸರಿಡುವ ದಿನ, ತೊಟ್ಟಿಲಿಗೆ ಹಾಕುವ ಮುಂಚೆ, ಪರದೆಮನೆಗೆ ಎತ್ತಿಕೊಂಡು ಬರುತ್ತಾರೆ. ಸೋದರತ್ತೆ ಕೂಸಿನ ಬೆರಳು ಹಿಡಿದು ಮೌಸಿನ ಮೇಲೆ ಒತ್ತಿಸಿದರೆ ಪರದೆಯಲ್ಲೊಂದು ಹೊಸ ಕಿಟಕಿ ತೆರೆಯುತ್ತದೆ, ಮೇಲಂಚಿನಲ್ಲಿ ಕೂಸಿನ ಹೆಸರು ಮೂಡುತ್ತದೆ. ಒಳಗೆ ಏನೂ ಇರುವುದಿಲ್ಲ, ತೊಳೆದಿಟ್ಟ ತಟ್ಟೆಯಂಥ ತಿಳಿಬೆಳಕು ಅಷ್ಟೆ. ಮುಟ್ಟಿದರೆ ಅಂಚು ಬೆಳಗುತ್ತದೆ. ಆ ಮನುಷ್ಯ ಯಾವ ಸೀಮೆಯಲ್ಲಿದ್ದರೂ ಉಸಿರಾಡಿಕೊಂಡು ಇದ್ದಾನೆ ಅಂತ ಅದರ ಅರ್ಥ. ಜೀವ ಹೋದರೆ ಕಿಟಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಗ ಮನೆಯವರು ತಲೆಗೆ ನೀರು ಹಾಕಿಕೊಂಡು ಬಂದು, ಮೂಲೆಯಲ್ಲಿರುವ ಕತ್ತರಿ ಗುರುತನ್ನು ಒತ್ತಿ ಮುಚ್ಚುತ್ತಾರೆ. ಅಳುವವರು ಅಲ್ಲೇ ಅಳುವುದು.

ನಾನು ಆ ಪರದೆಮನೆಯಲ್ಲಿ ಕಿಟಕಿ ನೋಡುವವಳು. ಬೆಳಿಗ್ಗೆ ಬಂದು ಮೊದಲು ಒದ್ದೆ ಬಟ್ಟೆಯಿಂದ ಪರದೆ ಒರೆಸುತ್ತೇನೆ. ಸುಣ್ಣದ ಭಟ್ಟಿಗಳ ಊರು, ಒಂದು ರಾತ್ರಿ ಬಿಟ್ಟರೆ ಪರದೆಯ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಧೂಳು ಕೂತಿರುತ್ತದೆ. ಆಮೇಲೆ ಜನ ಬರಲಿಕ್ಕೆ ಶುರು. ಗಂಡ ಲಾರಿಯಲ್ಲಿ ಹೋದ ಹೆಂಗಸರು ಸಂತೆಯ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಒಳಗೆ ಬಂದು, ಕಿಟಕಿ ಮುಟ್ಟಿ, ಅಂಚು ಬೆಳಗಿದ್ದು ನೋಡಿ, ಬಂದಷ್ಟೇ ಸದ್ದಿಲ್ಲದೆ ಹೋಗುತ್ತಾರೆ. ಕೆಲವರು ಮುಟ್ಟಿದ ಮೇಲೆ ಬೈಯುವುದೂ ಉಂಟು. ಬದುಕಿದ್ದೂ ಒಂದು ಸುದ್ದಿ ಕಳಿಸಲಿಲ್ಲವಲ್ಲ ಅಂತ. ಊರಿಗೆ ಊರೇ ಒಂದು ಪರದೆಯಲ್ಲಿರುವುದರಿಂದ ಕಿಟಕಿಗಳು ಒಂದರ ಹಿಂದೆ ಒಂದು, ಒಂದರ ಮೇಲೊಂದು, ಕಂಬಳಿ ಮಡಚಿಟ್ಟ ಹಾಗೆ ಕೂತಿರುತ್ತವೆ. ಯಾವುದನ್ನು ಸರಿಸಬೇಕಾದರೂ ಅದರವರ ಹೆಸರು ಹಿಡಿದು ಕೇಳಿಯೇ ಸರಿಸಬೇಕು. ಸ್ವಲ್ಪ ಆಕಡೆ ಸರಿಯಪ್ಪ ಕೆಂಗಣ್ಣ, ಒಂದು ಗಳಿಗೆ ಹಿಂದೆ ಹೋಗು ತಾಯಿ ಮುದ್ದವ್ವ, ಅಂತ. ಹೊಸಬರಿಗೆ ನಗು ಬರುತ್ತದೆ. ತಮ್ಮ ಅಮ್ಮನ ಕಿಟಕಿಯನ್ನು ಯಾರೋ ಕೇಳದೆ ತಳ್ಳಿದ್ದು ನೋಡಿದ ದಿನ ಆ ನಗು ನಿಲ್ಲುತ್ತದೆ.

ನನ್ನ ಕೆಲಸಕ್ಕೊಂದು ಗುರುತು ಉಂಟು, ಬಳೆಯೊಳಗೆ ಕೂಡುವ ಲೆಕ್ಕದ ಗುರುತಿನ ಹಾಗೆ ಅಡ್ಡ ಉದ್ದ ಗೆರೆ ಹಾಕಿದಂಥದ್ದು. ಅದನ್ನು ಮೌಸಿನಲ್ಲಿ ಎಳೆದುಕೊಂಡು ಹೋಗಿ ಒಂದು ಕಿಟಕಿಯ ಮೇಲೆ ಬಿಟ್ಟರೆ, ಪಕ್ಕದ ಪಟ್ಟಿಯಲ್ಲಿ ಅದರ ಕುಲಗೋತ್ರ ಬರುತ್ತದೆ. ಯಾರದು, ಯಾವತ್ತು ತೆರೆದದ್ದು, ಯಾವ ಕಿಟಕಿಯಿಂದ ಹುಟ್ಟಿದ್ದು, ಅದರಿಂದ ಇನ್ನೇನಾದರೂ ಹುಟ್ಟಿದೆಯೇ, ಎಲ್ಲಿ ಕೂತಿದೆ, ಯಾರ ಮರೆಯಲ್ಲಿದೆ, ಕೂಗಿದರೆ ಓಗೊಡುತ್ತದೆಯೇ. ಹೆಸರು ಅಳಿಸಿಹೋದ ಕಿಟಕಿಗಳೂ ಇರುತ್ತವೆ, ಪರದೆಯ ಅಂಚಿನಾಚೆ ಜಾರಿ ತುದಿಯೊಂದೇ ಕಾಣುವಂಥವೂ ಇರುತ್ತವೆ. ಎಲ್ಲವನ್ನೂ ನಿಧಾನವಾಗಿ ನೋಡಬೇಕು. ಅವಸರದವರಿಗೆ ಈ ಕೆಲಸ ಹೇಳಿದ್ದಲ್ಲ.

ಇನ್ನೊಂದು ರೂಢಿ ಹೇಳಬೇಕು, ಇಲ್ಲದಿದ್ದರೆ ಪಾಲಮ್ಮನ ಕಥೆ ತಿಳಿಯುವುದಿಲ್ಲ. ನಮ್ಮಲ್ಲಿ ದೂರ ಹೋಗುವವರು ಬಾಯಿ ಮಾತಲ್ಲಿ ಅಪ್ಪಣೆ ಕೇಳುವುದಿಲ್ಲ. ಬಾಯಿ ಮಾತು ಸಿಟ್ಟಿನಲ್ಲೂ ಬರುತ್ತದೆ, ತಮಾಷೆಗೂ ಬರುತ್ತದೆ. ಪರದೆಮನೆಗೆ ಬಂದು ತಮ್ಮ ಕಿಟಕಿಯಿಂದ ಒಂದು ಚಿಕ್ಕ ಪೆಟ್ಟಿಗೆ ತೆರೆದಿಟ್ಟು, ಊರಾಚೆ ಗಡಿಕಲ್ಲಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಪೆಟ್ಟಿಗೆಯಲ್ಲಿ 'ಹೊರಡಲೇ' ಅಂತ ಒಂದೇ ಮಾತು, ಅದರ ಕೆಳಗೆ 'ಹೂಂ', 'ಬೇಡ' ಅಂತ ಎರಡು ಗುಂಡಿ. ಮನೆಯಲ್ಲಿ ಯಾರು ಹೇಳಬೇಕೋ ಅವರು ಬಂದು ಒತ್ತುತ್ತಾರೆ. ಒತ್ತಿದ್ದು ಗಡಿಯಲ್ಲಿ ನಿಂತವರಿಗೆ ಹೇಗೆ ತಿಳಿಯುತ್ತದೆ ಅಂದರೆ, ತಿಳಿಯುತ್ತದೆ. ಹೂಂ ಅಂದರೆ ಕಾಲು ಹಗುರಾಗುತ್ತದೆ, ಬೇಡ ಅಂದರೆ ಕಾಲು ತಾನೇ ಮನೆ ಕಡೆ ತಿರುಗುತ್ತದೆ, ಅನ್ನುತ್ತಾರೆ ಹೋಗಿ ಬಂದವರು. ಕೇಳದೆ ಹೋಗುವುದು ಮಾತ್ರ ನಮ್ಮಲ್ಲಿ ಬಹಳ ಕೆಟ್ಟದ್ದು. ಹೊಡೆದು ಹೋದರೂ ಊರು ಮರೆತೀತು, ಕೇಳದೆ ಹೋದವರನ್ನು ಮರೆಯುವುದಿಲ್ಲ.

ಪಾಲಮ್ಮನ ಗಂಡ ಬೊಮ್ಮಲಿಂಗ ಕೇಳದೆ ಹೋದವನು. ಭಟ್ಟಿಯಲ್ಲಿ ಸುಣ್ಣ ತೆಗೆಯುತ್ತಿದ್ದ. ಸುಣ್ಣ ಎದೆಗಿಳಿದು ಕೆಮ್ಮು ಹತ್ತಿತು. ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ಕಳೆಯುವನು. ವೈದ್ಯರು ಈ ಊರಿನ ಗಾಳಿ ಬಿಟ್ಟರೆ ಬದುಕುತ್ತೀಯ ಅಂದರು. ಅವನು ಹೆಂಡತಿಯನ್ನು ಬಾ ಅಂದ. ಪಾಲಮ್ಮನ ತಾಯಿ ಹಾಸಿಗೆ ಹಿಡಿದಿದ್ದರು, ಕಣ್ಣೂ ಕಾಣುತ್ತಿರಲಿಲ್ಲ, ಅವರನ್ನು ಬಿಟ್ಟು ಹೇಗೆ ಬರಲಿ ಅಂತ ಇವಳು. ಮಾತಿಗೆ ಮಾತು ಬೆಳೆಯಿತು. ಮಾರನೆಯ ದಿನ ಅವನು ಊರಲ್ಲಿರಲಿಲ್ಲ. ಗಡಿಕಲ್ಲಿನ ಹತ್ತಿರ ನಿಂತಿದ್ದ ಅಂತ ಯಾರೋ ದನ ಕಾಯುವವರು ಅಂದರಂತೆ. ಪರದೆಮನೆಯಲ್ಲಿ ಅವನ ಪೆಟ್ಟಿಗೆ ಕಾಣಲಿಲ್ಲ. ಕಿಟಕಿ ಮಾತ್ರ ಇತ್ತು, ಮುಟ್ಟಿದರೆ ಓಗೊಡುತ್ತಿರಲಿಲ್ಲ, ಹಾಗಂತ ಬೂದಿಯೂ ಆಗಿರಲಿಲ್ಲ. ಅಂಥ ಕಿಟಕಿಗೆ ನಮ್ಮಲ್ಲಿ ಮುನಿದ ಕಿಟಕಿ ಅನ್ನುತ್ತೇವೆ. ಕೇಳದೆ ಹೋದವರದು ಹಾಗೇ ಇರುತ್ತದೆ ಅಂತ ಎಲ್ಲರೂ ತಿಳಿದುಕೊಂಡರು, ಯಾರೂ ಕೆದಕಲಿಲ್ಲ. ಆಗ ನಾನಿನ್ನೂ ಈ ಕೆಲಸಕ್ಕೆ ಬಂದಿರಲಿಲ್ಲ, ಮೊದಲಿದ್ದ ನಿಂಗಜ್ಜನಿಗೆ ಕಣ್ಣಿನ ಪೊರೆ ಬಲಿತಿತ್ತು.

ಅವತ್ತಿನಿಂದ ಪಾಲಮ್ಮನ ಹೆಸರು ಹೋಗಿ, ಕೇಳದೆ ಹೋದವನ ಹೆಂಡತಿ ಅಂತಾಯಿತು. ಭಟ್ಟಿಯ ಹೆಂಗಸರು ಕೂಲಿಗೆ ಕರೆಯುವಾಗಲೂ ಹಾಗೇ ಕರೆದರು. ಅದರಲ್ಲಿ ಹಗೆ ಏನಿಲ್ಲ, ನಮ್ಮ ಊರು ಎಲ್ಲರಿಗೂ ಹೀಗೆ ಒಂದು ಹೆಸರು ಅಂಟಿಸುತ್ತದೆ, ಅಂಟಿದ ಮೇಲೆ ಸುಣ್ಣದ ಹಾಗೆ ಬಿಡುವುದಿಲ್ಲ. ಅವಳೇನು ಬಾಯಿ ಸತ್ತವಳಲ್ಲ. ಹೌದು ಕಣ್ರೇ, ನಿಮ್ಮ ಗಂಡಂದಿರು ದಿನಾ ಕೇಳಿಕೊಂಡೇ ಹೋಗ್ತಾರೆ, ಕೇಳಿಕೊಂಡೇ ಕುಡಿದು ಬರ್ತಾರೆ, ಅಂದು ಅವರನ್ನೇ ನಗಿಸುವಳು. ಆದರೆ ಪರದೆಮನೆಗೆ ಬಂದಾಗ ನೋಡುತ್ತಿದ್ದೆನಲ್ಲ. ಗಂಡನ ಕಿಟಕಿಯನ್ನು ಮುಟ್ಟುತ್ತಿರಲಿಲ್ಲ. ಮುಂದೆ ನಿಂತು ಅದರ ಹೆಸರಂಚು ನೋಡಿ ಹೋಗುವಳು, ಸಾಲದವರ ಬಾಗಿಲು ನೋಡಿದ ಹಾಗೆ.

ಗಂಡನ ಅಣ್ಣ ಸೂರಯ್ಯ ಒಳ್ಳೆಯವನು. ತಮ್ಮ ಹೋದ ಮೇಲೆ ಪಾಲಮ್ಮನನ್ನೂ ಅವಳ ತಾಯಿಯನ್ನೂ ತನ್ನ ಮನೆಗೇ ಕರೆಸಿಕೊಂಡ. ತಾಯಿ ತೀರಿಕೊಂಡಾಗ ಮಗನ ಹಾಗೆ ಹೆಗಲು ಕೊಟ್ಟ. ಅವನ ಮಗಳು ಸಿರಿಯಮ್ಮ ಹೆತ್ತವಳ ಹತ್ತಿರಕ್ಕಿಂತ ಚಿಕ್ಕಮ್ಮನ ಹತ್ತಿರವೇ ಹೆಚ್ಚು. ಮಲಗುವುದು, ಜಡೆ ಹಾಕಿಸಿಕೊಳ್ಳುವುದು, ಹಟ ಮಾಡುವುದು ಎಲ್ಲ ಪಾಲಮ್ಮನ ಮಗ್ಗುಲಲ್ಲೇ. ಹೀಗೆ ಏಳೆಂಟು ವರ್ಷ ಆಯಿತು. ಈ ವರ್ಷ ಸೂರಯ್ಯನೇ ಓಡಾಡಿ ಪಾಲಮ್ಮನಿಗೆ ಕೂಡಾವಳಿ ಗೊತ್ತು ಮಾಡಿದ. ಎರಡನೆಯ ಸಂಬಂಧಕ್ಕೆ ನಮ್ಮಲ್ಲಿ ಹಾಗನ್ನುವುದು. ಗಂಡು ದಾಸಣ್ಣ, ಭಟ್ಟಿಗೆ ಬುಟ್ಟಿ ಹೆಣೆಯುವವನು, ಹೆಂಡತಿ ಸತ್ತು ಬಹಳ ದಿನವಾಗಿತ್ತು. ಅವಳ ಕಿಟಕಿಯನ್ನು ಅವನು ಮುಚ್ಚುವಾಗ ನಾನೇ ಪಕ್ಕದಲ್ಲಿದ್ದೆ. ಕತ್ತರಿ ಗುರುತಿನ ಮೇಲೆ ಬೆರಳಿಟ್ಟುಕೊಂಡು ಒತ್ತಲಾಗದೆ ಬೆಳಿಗ್ಗೆಯೆಲ್ಲ ಕೂತಿದ್ದ. ಅಂಥವನಿಗೆ ಪಾಲಮ್ಮ ಸಿಗುವುದು ನನಗೂ ಸಂತೋಷವೇ. ಆದರೆ ಮೊದಲ ಗಂಡನ ಕಿಟಕಿ ಇರುವಾಗ ಕೂಡಾವಳಿ ಆಗುವ ಹಾಗಿಲ್ಲ. ಓಗೊಡದ ಕಿಟಕಿ ಬಹಳ ವರ್ಷ ಹಾಗೇ ಬಿದ್ದಿದ್ದರೆ ಮನೆಯವರು ಮುಚ್ಚಬಹುದು, ಹೋದವನು ಸತ್ತವರ ಲೆಕ್ಕಕ್ಕೆ ಸೇರುತ್ತಾನೆ. ಅವನು ಎಲ್ಲಾದರೂ ಬದುಕಿದ್ದರೆ ಇನ್ನು ಅವನಿಗೆ ಈ ಊರಿನ ದಾರಿ ಇಲ್ಲ.

ಮುಚ್ಚಲಿಕ್ಕೆ ಮೂವರೂ ಬಂದರು. ಬಿಸಿಲು ಚೆನ್ನಾಗಿ ಏರಿತ್ತು. ಹೊರಗೆ ಜಗಲಿಯ ಮೇಲೆ ಭಟ್ಟಿಯ ಹೆಂಗಸರು ಕೆಲಸ ಬಿಟ್ಟು ಬಂದು ಕೂತಿದ್ದರು, ಮುಚ್ಚಿದ ಮೇಲೆ ಪಾಲಮ್ಮನ ಜೊತೆ ಮನೆವರೆಗೆ ಹೋಗುವುದು ಪದ್ಧತಿ. ಪಾಲಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಹಾಕಿಕೊಂಡಿದ್ದಳು. ದಾಸಣ್ಣ ಬಾಗಿಲ ಹತ್ತಿರವೇ ನಿಂತ. ಸೂರಯ್ಯ ಬೇಗ ಮುಗಿಸು, ಮಧ್ಯಾಹ್ನಕ್ಕೆ ಮುಂಚೆ ಗಳಿಗೆ ಚೆನ್ನಾಗಿದೆ ಅಂದ. ನಾನು ಆಗಲಿ ಅಂದೆ, ಆದರೆ ಕೊನೇ ನೋಟ ನೋಡದೆ ಮುಚ್ಚಿಸುವ ಹಾಗಿಲ್ಲ ಅಂದೆ. ಮುಚ್ಚುವ ಮುಂಚೆ ಈ ಕಿಟಕಿ ಇವರದೇ ಹೌದು, ಇದರ ಹಿಂದೆ ಮುಂದೆ ಬೇರೇನೂ ಉಳಿದಿಲ್ಲ ಅಂತ ನಾನು ನೋಡಿ ಹೇಳಬೇಕು. ಅದು ನನ್ನ ಕೆಲಸ.

ಗುರುತನ್ನು ಎಳೆದು ಬೊಮ್ಮಲಿಂಗನ ಕಿಟಕಿಯ ಮೇಲೆ ಬಿಟ್ಟೆ. ಪಟ್ಟಿಯಲ್ಲಿ ಹೆಸರು ಬಂತು, ತಂದೆ ತಾಯಿ ಹೆಸರು ಬಂತು. ಓಗೊಡುತ್ತದೆಯೇ ಅನ್ನುವ ಕಡೆ ಇಲ್ಲ ಅಂತ ಬಂತು. ಅದರ ಕೆಳಗೆ ಇನ್ನೊಂದು ಸಾಲು ಬಂತು, ಅದನ್ನು ನೋಡಿ ನನ್ನ ಕೈ ನಿಂತಿತು. ಸತ್ತ ಕಿಟಕಿ ಓಗೊಡುವುದಿಲ್ಲ, ಮುನಿದದ್ದೂ ಓಗೊಡುವುದಿಲ್ಲ. ಇನ್ನೊಂದು ತರಹದ್ದು ಇರುತ್ತದೆ, ಬಹಳ ಅಪರೂಪ. ತಡೆದು ನಿಂತದ್ದು. ತನ್ನದೇ ಒಂದು ಮರಿ ಎಲ್ಲೋ ತೆರೆದುಕೊಂಡು ಉತ್ತರಕ್ಕೆ ಕಾದಿದ್ದರೆ, ಆ ಉತ್ತರ ಸಿಗುವ ತನಕ ದೊಡ್ಡ ಕಿಟಕಿ ಅಲ್ಲಾಡುವುದಿಲ್ಲ. ಸತ್ತದ್ದು ಬೂದಿಯಾಗಿರುತ್ತದೆ, ಮುನಿದದ್ದಕ್ಕೂ ಇದಕ್ಕೂ ಮಾತ್ರ ಮೇಲಿಂದ ಕಣ್ಣಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬೊಮ್ಮಲಿಂಗನ ಕಿಟಕಿ ತಡೆದು ನಿಂತದ್ದು ಅಂತ ಪಟ್ಟಿ ಹೇಳಿತು. ಅದಕ್ಕೊಂದು ಮರಿ ಇದೆ ಅಂತಲೂ ಹೇಳಿತು.

ಸೂರಯ್ಯ ಏನು ಅಂತ ಕೇಳಿದ. ಇದ್ದದ್ದನ್ನು ಹೇಳಿದೆ. ಇದರ ಮರಿಯೊಂದು ಇನ್ನೂ ತೆರೆದೇ ಇದೆ, ಎಲ್ಲೋ ಅಡಿಯಲ್ಲಿದೆ, ಹುಡುಕಬೇಕು ಅಂದೆ.

ಪಾಲಮ್ಮ ನಕ್ಕಳು. "ಇಷ್ಟು ವರ್ಷ ಉಸಿರೆತ್ತದವನು ಈಗ ಹೊಟ್ಟೇಲಿ ಮರಿ ಇಟ್ಕೊಂಡವ್ನಾ? ಹುಡುಕು ಗಾದ್ರಕ್ಕ, ಬಾಣಂತನ ಮಾಡಿ ಕಳಿಸೋಣ."

ಬಾಗಿಲಲ್ಲಿದ್ದ ದಾಸಣ್ಣ ತಲೆ ತಗ್ಗಿಸಿ ನಕ್ಕ. ನಾನು ಹುಡುಕತೊಡಗಿದೆ. ಮರಿ ಎಲ್ಲಕ್ಕಿಂತ ಅಡಿಯಲ್ಲಿತ್ತು. ಒಂದೊಂದೇ ಹೆಸರು ಹಿಡಿದು ಕೇಳುತ್ತ ಕಿಟಕಿಗಳನ್ನು ಸರಿಸಿದೆ. ಬಾಣದ ಹಳ್ಳದ ಮುದ್ದವ್ವ, ಅವಳ ಮೊಮ್ಮಕ್ಕಳು, ಲಾರಿಯ ಹುಡುಗರು, ಶಾಲೆಯ ಮೇಷ್ಟರು. ಕೆಲವರ ಅಂಚು ಬೆಳಗಿತು, ಹೂಂ ಸರಿಸು ಅಂದ ಹಾಗೆ. ಮೊದಲು ಅವಸರ ಮಾಡಿದ ಸೂರಯ್ಯನೂ ಹತ್ತಿರ ಬಂದು ನಿಂತು, ನಾನು ಮರೆತ ಹೆಸರುಗಳನ್ನು ಹೇಳಿಕೊಡತೊಡಗಿದ. ಕೊನೆಗೆ ಸಿರಿಯಮ್ಮನ ಕಿಟಕಿ ಉಳಿಯಿತು. ಸ್ವಲ್ಪ ಆಚೆ ಬಾ ಪುಟ್ಟಿ ಅಂತ ಪಾಲಮ್ಮನೇ ಅಂದಳು. ಅಂಚು ಜೋರಾಗಿ ಬೆಳಗಿತು. ಸರಿಸಿದೆ. ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಪೆಟ್ಟಿಗೆ ಇತ್ತು. ಮೇಲಂಚಿನಲ್ಲಿ ಹೆಸರು ಇರಲಿಲ್ಲ. ಪರದೆಯ ಹಿನ್ನೆಲೆಯ ಬಣ್ಣವೇ ಅದಕ್ಕೂ ಹಿಡಿದಿತ್ತು. ಬೆಂಕಿಪೊಟ್ಟಣದಷ್ಟಿದ್ದ ಅದರಲ್ಲಿ 'ಹೊರಡಲೇ' ಅಂತ ಬರೆದಿತ್ತು. ಕೆಳಗೆ ಎರಡು ಗುಂಡಿ.

ಹೊರಗೆ ಹೆಂಗಸರು ಏನೋ ಹೇಳಿ ನಗುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಗುರುತನ್ನು ತಂದು ಪೆಟ್ಟಿಗೆಯ ಮೇಲೆ ಬಿಟ್ಟೆ. ಯಾರದು ಅನ್ನುವ ಕಡೆ ಬೊಮ್ಮಲಿಂಗನ ಹೆಸರು ಬಂತು. ಯಾರಿಗೆ ಅನ್ನುವ ಕಡೆ ಪಾಲಮ್ಮನ ಹೆಸರು. ಯಾವತ್ತು ತೆರೆದದ್ದು ಅನ್ನುವುದನ್ನು ಓದಿದೆ. ಆ ದಿನ ಬೆಳಿಗ್ಗೆ ಪರದೆಮನೆಯ ಬಾಗಿಲು ತೆಗೆದ ಕೂಡಲೇ ತೆರೆದದ್ದು. ಅದರ ನಂತರ ಅದೇ ಬೆಳಿಗ್ಗೆ ತೆರೆದ ಕಿಟಕಿ ಸಿರಿಯಮ್ಮನದು.

ಸೂರಯ್ಯ ನನ್ನ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟ. ಅವತ್ತು ಅವನ ಮಗಳಿಗೆ ಹೆಸರಿಟ್ಟ ದಿನ. ನಮ್ಮಲ್ಲಿ ಮನೆಗೆ ಸಂತೋಷ ಬಂದರೆ ಆ ಸಂತೋಷದ ಕಿಟಕಿಯನ್ನು ನಾಲ್ಕೂ ಮೂಲೆ ಎಳೆದು ಪರದೆ ತುಂಬ ಹಿಗ್ಗಿಸುತ್ತಾರೆ. ಹಬ್ಬದ ಊಟದ ತನಕ ಬೇರೆ ಯಾವ ಕಿಟಕಿಯೂ ಕಾಣಬಾರದು, ಎಲ್ಲರೂ ಇದನ್ನೇ ನೋಡಬೇಕು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗಳು. ಸೂರಯ್ಯ ಆ ಕಿಟಕಿಯನ್ನು ಹಿಗ್ಗಿಸಿ ಮೂರು ದಿನ ಹಾಗೇ ಬಿಟ್ಟಿದ್ದ. ಬೊಮ್ಮಲಿಂಗ ಯಾಕೆ ಅದೇ ದಿನ ಕೇಳಿದ ಅನ್ನುವುದೂ ನಮಗೆಲ್ಲ ಒಟ್ಟಿಗೇ ಹೊಳೆಯಿತು. ಹೆಸರಿಡುವ ಮನೆ ಅಂದಮೇಲೆ ಹೆಂಡತಿ ಪರದೆಮನೆಗೆ ಬಂದೇ ಬರುತ್ತಾಳೆ, ಬಂದ ಕೂಡಲೇ ಪೆಟ್ಟಿಗೆ ಕಾಣುತ್ತದೆ, ಜನದ ನಡುವೆ ಜಗಳಾಡುವಂತಿಲ್ಲ, ಹೂಂ ಅಂತಲೋ ಬೇಡ ಅಂತಲೋ ಒತ್ತುತ್ತಾಳೆ, ಅಂತ ಲೆಕ್ಕ ಹಾಕಿದ್ದಾನೆ. ಅವಳು ಬಂದಿದ್ದಳು. ಇದೇ ಪರದೆಯ ಮುಂದೆ ನಿಂತು ಬಂದವರಿಗೆಲ್ಲ ಕಡಲೆ ಬೆಲ್ಲ ಹಂಚಿದ್ದಳು.

"ನಾನೇ ಎಳೆದೆ," ಅಂದ ಸೂರಯ್ಯ. "ಈ ಕೈಯಲ್ಲೇ ಮೂಲೆ ಹಿಡಿದು ಎಳೆದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ."

ಪಾಲಮ್ಮ ಅವನ ಕಡೆ ತಿರುಗಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಇದು ಅವತ್ತಿನಿಂದ ಇಲ್ಲೇ ಇತ್ತಾ ಅಂತ ಕೇಳಿದಳು. ಹೌದು ಅಂದೆ. ಹಾಗಾದರೆ ಅವನು ಎಲ್ಲಿದ್ದಾನೆ ಅಂತ ಕೇಳಿದಳು. ಅದು ನನಗೆ ತಿಳಿಯುವುದಿಲ್ಲ ಅಂದೆ. ಕಿಟಕಿ ಬೂದಿಯಾಗಿಲ್ಲ ಅಂದಮೇಲೆ ಗಡಿಕಲ್ಲು ದಾಟಿ ಎಲ್ಲೋ ಹೋಗಿದ್ದಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಆದರೆ ಮನಸ್ಸಿನಲ್ಲಿ ಇನ್ನೂ ಆ ಕಲ್ಲಿನ ಹತ್ತಿರವೇ ನಿಂತಿದ್ದಾನೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತಡೆದು ನಿಂತ ಕಿಟಕಿಯವರ ಪಾಡು ಹಾಗೆ.

ಸೂರಯ್ಯ ಎದ್ದು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. ತಗ್ಗಿಸಿದರೂ ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುವಂಥದ್ದೇ. ಮುಚ್ಚಿಬಿಡೋಣ ಅಂದ. ಇಷ್ಟು ವರ್ಷ ಯಾರಿಗೂ ಕಾಣದ್ದು ಇವತ್ತೂ ಕಾಣಲಿಲ್ಲ ಅಂದುಕೊಂಡರಾಯಿತು, ತಮ್ಮನ ಪಾಪ ನನ್ನ ತಲೆ ಮೇಲೆ ಇರಲಿ, ಇವಳ ಬಾಳು ಒಂದು ದಡ ಸೇರುತ್ತಿದೆ, ಅದನ್ನು ಕೆಡಿಸಬೇಡ ಅಂದ. ಆಮೇಲೆ, ಹೇಳಲೋ ಬೇಡವೋ ಅನ್ನುವ ಹಾಗೆ ನಿಂತು, ಹೊರಗೆ ಕೂತಿರುವವರಿಗೆ ಇದು ತಿಳಿದರೆ ನನ್ನ ಮಗಳನ್ನು ನಾಳೆಯಿಂದ ಏನಂತ ಕರೀತಾರೆ ಯೋಚನೆ ಮಾಡು, ಅಂದ. ಅವನು ಹೇಳಿದ್ದು ನಿಜ. ಊರು ಆ ಕೂಸಿಗೆ ಒಂದು ಹೆಸರು ಅಂಟಿಸುತ್ತದೆ. ಚಿಕ್ಕಪ್ಪನ ದಾರಿಗೆ ಅಡ್ಡ ಬಂದವಳು ಅಂತಲೋ ಇನ್ನೊಂದೋ. ಮದುವೆ ವಯಸ್ಸಿಗೂ ಅದು ಬಿಡುವುದಿಲ್ಲ.

ಆದರೆ ನೋಡಿದ್ದನ್ನು ನೋಡಲಿಲ್ಲ ಅನ್ನಲು ನನಗೆ ಬರುವುದಿಲ್ಲ. ಹಾಗೆ ಒಂದು ಸಲ ಅಂದರೆ ನಾಳೆ ಯಾವ ತಾಯಿ ಬಂದು ನನ್ನ ಮಾತು ನಂಬಿ ಮಗನ ಕಿಟಕಿ ಮುಚ್ಚಿಯಾಳು. ಕಂಡಿದೆ ಸೂರಯ್ಯ, ಕಂಡದ್ದು ಪಾಲಮ್ಮನಿಗೂ ಕಂಡಿದೆ, ಇನ್ನು ಇದು ಅವಳ ಕೈಯಲ್ಲಿದೆ ಅಂದೆ.

ಅವಳು ದಾಸಣ್ಣನ ಕಡೆ ನೋಡಿದಳು. ಅವನು ಆವರೆಗೂ ಬಾಗಿಲು ಬಿಟ್ಟು ಅಲ್ಲಾಡಿರಲಿಲ್ಲ. ಹೇಳಿ, ನೀವೇನಂತೀರಿ ಅಂತ ಕೇಳಿದಳು.

"ಮುಚ್ಚು ಅಂತ ಹೇಳಲ್ಲ, ಮುಚ್ಚಬೇಡ ಅಂತಲೂ ಹೇಳಲ್ಲ," ಅಂದ ದಾಸಣ್ಣ. "ಆ ಗುಂಡಿ ಮುಂದೆ ನಾನೂ ಕೂತಿದ್ದೋನು. ಅಲ್ಲಿ ಬೇರೆಯವರ ಬೆರಳು ಇರಬಾರದು."

ಪಾಲಮ್ಮ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಒದ್ದೆ ಕೂದಲ ಗಂಟು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಬೇಡ ಅಂತ ಒತ್ತಿದರೆ ಏನಾಗುತ್ತದೆ ಅಂತ ಕೇಳಿದಳು. ಎಲ್ಲಿದ್ದರೂ ಹಿಂದಕ್ಕೆ ತಿರುಗಿ ಮನೆಗೆ ಬರುತ್ತಾನೆ ಅಂದೆ. ಹೂಂ ಅಂದರೆ ಅಂತ ಕೇಳಿದಳು. ಹೂಂ ಅಂದರೆ ಕಿಟಕಿಗೆ ಜೀವ ಬರುತ್ತದೆ, ಅವನು ಅವನ ಪಾಡಿಗೆ ಹಗುರಾಗಿ ಇರುತ್ತಾನೆ, ಬರುವುದು ಬಿಡುವುದು ಅವನ ಇಷ್ಟ ಅಂದೆ. ಉಳಿದದ್ದನ್ನೂ ಹೇಳಲೇಬೇಕಾಗಿತ್ತು, ಹೇಳಿದೆ. ಓಗೊಡುವ ಕಿಟಕಿಯನ್ನು ಮನೆಯವರು ಮುಚ್ಚುವ ಹಾಗಿಲ್ಲ. ಕೂಡಾವಳಿ ಆಗುವುದಿಲ್ಲ. ಅವನು ಬರದೇ ಹೋದರೂ ಅವಳು ಅವನ ಹೆಂಡತಿಯಾಗೇ ಉಳಿಯಬೇಕು.

ಆಮೇಲೆ ಅವಳು ಮಾತಾಡಿದ್ದು ನಮ್ಮ ಹತ್ತಿರವೋ ಪೆಟ್ಟಿಗೆಯ ಹತ್ತಿರವೋ ನನಗೆ ತಿಳಿಯಲಿಲ್ಲ.

"ಅವತ್ತು ಇದು ಕಂಡಿದ್ರೆ ಬೇಡ ಅಂತಲೇ ಒತ್ತಿರ್ತಿದ್ದೆ. ಅಷ್ಟು ಸಿಟ್ಟಿತ್ತು, ಅಷ್ಟು ಆಸೆನೂ ಇತ್ತು. ಅವನು ತಿರುಗಿ ಬಂದು ಆ ಭಟ್ಟೀಲೇ ಕೆಮ್ಮಿ ಕೆಮ್ಮಿ, ಮರುವರ್ಷದ ಒಳಗೆ ಬೂದಿ ಆಗಿರೋದು ಈ ಕಿಟಕಿ." ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. "ಈಗ ಮಾತ್ರ ಆ ಎದೆ ಇಟ್ಕೊಂಡು ಇಲ್ಲಿಗೆ ಬರಬೇಕಾ? ಎಲ್ಲೋ ಒಳ್ಳೆ ಗಾಳಿ ಕುಡ್ಕೊಂಡು ಇದ್ದಾನು."

ಸೂರಯ್ಯ, ಪಾಲಮ್ಮ, ನಿನ್ನ ಬಾಳು ನೋಡಿಕೊಳ್ಳಮ್ಮ, ಅಂದ. ಅವಳು, ಭಾವ, ನೀವು ಸುಮ್ಮನಿರಿ, ಕೇಳಿದವನಿಗೆ ಉತ್ತರ ಕೊಡಬೇಕಲ್ಲವಾ ಅಂದಳು. ಗಟ್ಟಿಯಾಗಿ ಅನ್ನಲಿಲ್ಲ. ಮೌಸ್ ಹಿಡಿದಳು. ಅವಳಿಗೆ ಅದು ಹಿಡಿದು ರೂಢಿಯಿಲ್ಲ, ಗಂಡನ ಕಿಟಕಿಯನ್ನು ಮುಟ್ಟಿದವಳೇ ಅಲ್ಲವಲ್ಲ. ಬಾಣದ ಗುರುತು ಪೆಟ್ಟಿಗೆಯ ಸುತ್ತ ತಡಕಾಡಿತು, ಬೇಡ ಅನ್ನುವುದರ ಮೇಲೆ ಹೋಯಿತು, ಅಲ್ಲಿ ನಿಂತಿತು. ಅವಳು ಅಲ್ಲಿಂದ ಎತ್ತಿ ಹೂಂ ಅನ್ನುವುದರ ಮೇಲಿಟ್ಟು ಒತ್ತಿದಳು.

ಪೆಟ್ಟಿಗೆ ಹೋಯಿತು. ಬೊಮ್ಮಲಿಂಗನ ಕಿಟಕಿ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಅದರ ಅಂಚು, ಊದಿದ ಕೆಂಡದ ಹಾಗೆ, ಒಂದು ಮೂಲೆಯಿಂದ ಶುರುವಾಗಿ ಸುತ್ತಲೂ ಬೆಳಗಿತು. ಬದುಕಿದ್ದಾನೆ ಅಂದೆ. ಅದನ್ನು ಹೇಳಬೇಕಾದದ್ದು ನಾನು, ಹೇಳಿದೆ. ಸೂರಯ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ದಾಸಣ್ಣ ಹೆಗಲ ಮೇಲಿನ ಟವೆಲನ್ನು ತೆಗೆದು, ಮಡಚಿ, ಮತ್ತೆ ಹೆಗಲಿಗೆ ಹಾಕಿಕೊಂಡ. ಮದುವೆಯ ಮಾತು ಅಲ್ಲಿಗೆ ಮುಗಿಯಿತು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅವನು ಹೋಗಬಹುದಿತ್ತು. ಹೋಗಲಿಲ್ಲ.

ಪಾಲಮ್ಮ ಕೈ ಚಾಚಿ, ಮದುವೆಯಾದ ಮೇಲೆ ಮೊದಲ ಸಲ ಇರಬೇಕು, ಆ ಕಿಟಕಿಯನ್ನು ಬೆರಳಿಂದ ಮುಟ್ಟಿದಳು. ಗಾಜಿನ ಮೇಲೆ ಅವಳ ಬೆರಳಿನ ಒದ್ದೆ ಗುರುತು ಉಳಿಯಿತು. ಹೊರಗಿದ್ದವರು ಊರನ್ನು ನೆನೆದರೆ ಅವರ ಕಿಟಕಿ ಎಲ್ಲಕ್ಕಿಂತ ಮೇಲಕ್ಕೆ ಬರುತ್ತದೆ. ಇದೂ ಬಂತು. ಸರಿಸಿಟ್ಟಿದ್ದ ಎಲ್ಲ ಕಿಟಕಿಗಳನ್ನೂ ದಾಟಿ ಮುಂದೆ ಬಂದು, ಅವಳ ಮುಖದ ನೇರಕ್ಕೆ ನಿಂತಿತು. ಒಲೆಯ ಮೇಲಿಟ್ಟ ನೀರು ಬೆಚ್ಚಗಾಗುವಷ್ಟು ಹೊತ್ತು ನಿಂತಿತ್ತೇನೋ. ಆಮೇಲೆ ನಾಲ್ಕೂ ಅಂಚು ಒಳಗೆ ಸರಿದು, ಕಿಟಕಿ ಚಿಕ್ಕದಾಗಿ, ಮುಚ್ಚಿಕೊಂಡಿತು.

ಸೂರಯ್ಯ ಹಾ ಅಂತ ಎದ್ದ. ಸತ್ತನೇ, ಈಗ ಸತ್ತನೇ ಅಂತ ನನ್ನ ತೋಳು ಹಿಡಿದು ಅಲ್ಲಾಡಿಸಿದ. ನಾನು ಅವನನ್ನು ಕೂರಿಸಿ, ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ಸಾಲನ್ನು ಓದಿದೆ, ಎರಡು ಸಲ ಓದಿ ಆಮೇಲೆ ಬಾಯಿ ಬಿಟ್ಟೆ. ಬೂದಿಯಾಗದೆ ಮುಚ್ಚಿದೆ. ಹಾಗೆ ಮುಚ್ಚಲು ಕಿಟಕಿಯವನೊಬ್ಬನಿಗೇ ಸಾಧ್ಯ. ಅವನೇ ಮುಚ್ಚಿದ್ದಾನೆ, ಚೆನ್ನಾಗಿದ್ದಾನೆ, ಇನ್ನು ಕೂಡಾವಳಿಗೂ ಅಡ್ಡಿಯಿಲ್ಲ, ಅಂದೆ.

ಯಾಕೆ ಮುಚ್ಚಿದ ಅಂತ ತಿಳಿಯುತ್ತದಾ ಅಂತ ಪಾಲಮ್ಮ ಕೇಳಿದಳು. ಅವಳನ್ನು ಬಿಡಿಸಲಿಕ್ಕೆ ಮುಚ್ಚಿದನೋ, ತಾನು ಬಿಡಿಸಿಕೊಳ್ಳಲಿಕ್ಕೆ ಮುಚ್ಚಿದನೋ. ಅಲ್ಲೂ ಅವನಿಗೊಂದು ಮನೆ ಇದೆಯೋ, ಮಕ್ಕಳಿದ್ದಾರೋ. ಅದನ್ನು ಹೇಳುವ ಸಾಲು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ತಿಳಿಯುವುದಿಲ್ಲಮ್ಮ ಅಂದೆ. ಸಮಾಧಾನಕ್ಕೆ ಒಂದು ಮಾತು ಸೇರಿಸಬಹುದಿತ್ತು. ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅವಳು ಬೊಮ್ಮಲಿಂಗನ ಕಿಟಕಿ ಇದ್ದ ಜಾಗವನ್ನು ನೋಡುತ್ತಲೇ ಇದ್ದಳು. ಅಲ್ಲಿ ಈಗ ಪರದೆಯ ಬರಿಯ ನೀಲಿ ಕಾಣುತ್ತಿತ್ತು.

"ಎಂಟು ವರ್ಷ ನಿಂತಿದ್ದ," ಅಂದಳು. "ಹೂಂ ಅಂದ ಮೇಲೆ ಒಂದು ಗಳಿಗೆನೂ ನಿಲ್ಲಲಿಲ್ಲ ನೋಡು."

ನಗಲು ಹೋದಳು. ಅರ್ಧಕ್ಕೆ ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು, ನಾವು ಮೂವರೂ ಕಾದೆವು. ದಾಸಣ್ಣ ಮೂಲೆಯ ಮಡಕೆಯಿಂದ ನೀರು ತಂದು ಅವಳ ಪಕ್ಕದಲ್ಲಿಟ್ಟು, ಮತ್ತೆ ಬಾಗಿಲಿಗೆ ಹೋಗಿ ನಿಂತ. ಅವಳು ನೀರು ಕುಡಿದು, ಮುಖ ಒರೆಸಿಕೊಂಡು, ಇವರೇ, ಈ ತಿಂಗಳು ಆಗೋದಿಲ್ಲ, ನನಗೆ ಸ್ವಲ್ಪ ದಿನ ಬೇಕು ಅಂದಳು. ಎಷ್ಟು ದಿನ ಬೇಕಾದರೂ ಆಗಲಿ ಅಂದ ಅವನು. ನಾನು ಸರಿಸಿಟ್ಟಿದ್ದ ಕಿಟಕಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಜಾಗಕ್ಕೆ ಕರೆಯತೊಡಗಿದೆ.

ಸೂರಯ್ಯ ಹೊರಗೆ ಹೋಗಲು ಹೆದರುತ್ತಿದ್ದ. ಜಗಲಿಯ ಹೆಂಗಸರು ಆಗಲೇ ಎದ್ದು ಬಾಗಿಲಿಗೆ ಬಂದಿದ್ದರು. ಇಷ್ಟು ಹೊತ್ತು ಏನಾಯಿತು, ಮುಚ್ಚಿತಾ, ಒಳಗೆ ಏನು ಸಿಕ್ಕಿತು ಅಂತ ಒಬ್ಬರ ಮೇಲೊಬ್ಬರು ಕೇಳುತ್ತಿದ್ದರು. ಪಾಲಮ್ಮ ಕೂದಲನ್ನು ಗಟ್ಟಿಯಾಗಿ ಗಂಟು ಹಾಕಿಕೊಂಡು ಎಲ್ಲರಿಗಿಂತ ಮುಂದಾಗಿ ಹೊಸ್ತಿಲು ದಾಟಿದಳು. ಸಿರಿಯಮ್ಮನ ಹೆಸರಾಗಲಿ, ಭಾವನ ಹೆಸರಾಗಲಿ, ಹಿಗ್ಗಿಸಿದ ಕಿಟಕಿಯ ಮಾತಾಗಲಿ ಅವಳ ಬಾಯಿಂದ ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಭಟ್ಟಿಯ ಕೊನೆಯ ಮನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಅವನು ಕೇಳೇ ಹೋಗಿದ್ದ ಕಣ್ರೇ. ಉತ್ತರ ಕೊಡೋದು ನಾನೇ ತಡ ಮಾಡಿದ್ದು."